ಅಣ್ಣ ಕಳಿಸಿದ ಫೋನು

ಉಜ್ವಲಾ ಬೀಡಿ ಎಲೆ ಕತ್ತರಿಸುತ್ತಿದ್ದಳು. ಹಿಂದಿನ ದಿನ ನೆನೆಸಿ ಒದ್ದೆ ಗೋಣಿಯಲ್ಲಿ ಸುತ್ತಿಟ್ಟ ಎಲೆಗಳು. ಒಂದೊಂದನ್ನೇ ತೊಡೆಯ ಮೇಲೆ ಹರಡಿ, ಮೇಲೆ ಅಳತೆಯ ತಗಡಿಟ್ಟು, ತಗಡಿನ ಅಂಚಿಗೆ ಸರಿಯಾಗಿ ಕತ್ತರಿ ಆಡಿಸಬೇಕು. ಎದುರಿಗೆ ಕುಳಿತ ಅತ್ತಿಗೆ ಶ್ರೀರಂಜಿನಿ, ಕತ್ತರಿಸಿದ ಎಲೆಗೆ ಹೊಗೆಸೊಪ್ಪಿನ ಪುಡಿ ತುಂಬಿ ಸುತ್ತುತ್ತಿದ್ದಳು. ಹೊರಗೆ ಜಗಲಿಯಲ್ಲಿ ಅಮ್ಮ ಕಮಲ ಬೀಡಿಗಳಿಗೆ ನೂಲು ಕಟ್ಟುತ್ತಿದ್ದಳು. ಮೂವರೂ ಮಾತಾಡಲಿಲ್ಲ. ಕುಂಬಳೆ ಸ್ಟೇಷನ್ನಿನ ಕಡೆಯಿಂದ ರೈಲು ಕೂಗಿತು, ಹೋಯಿತು. ಆಗಲೂ ಯಾರೂ ತಲೆ ಎತ್ತಲಿಲ್ಲ.

ನಡುಕೋಣೆಯ ಕುರ್ಚಿಯ ಮೇಲೆ ಒಂದು ಬಿಳಿ ಪೆಟ್ಟಿಗೆ ಇತ್ತು. ಅರ್ಧ ಗಂಟೆಯ ಹಿಂದೆ ಪುರಂದರ ತಂದುಕೊಟ್ಟು ಹೋದದ್ದು. ಅವನು ಶಾರ್ಜಾದಲ್ಲಿ ಅಣ್ಣ ವಿಘ್ನೇಶನ ಕೋಣೆಯಲ್ಲೇ ಇರುವವನು, ರಜೆಯಲ್ಲಿ ಬಂದಿದ್ದ. ಅಮ್ಮನಿಗೆ ಮುಲಾಮು ಮತ್ತು ಬಾದಾಮಿ, ಅತ್ತಿಗೆಗೆ ಒಂದು ಸೆಂಟಿನ ಬಾಟ್ಲಿ, ಆಮೇಲೆ ಈ ಪೆಟ್ಟಿಗೆ. ಪೆಟ್ಟಿಗೆಯ ಮೇಲೆ ಅಣ್ಣನದೇ ಅಕ್ಷರದಲ್ಲಿ ದಪ್ಪಗೆ ಬರೆದಿತ್ತು: ಉಜ್ಜುವಿಗೆ.

ಆ ಹೆಸರೇ ಮೂವರ ಬಾಯಿ ಕಟ್ಟಿಹಾಕಿದ್ದು. ಹೊಸ ಫೋನು ಹೆಂಡತಿಗೆ ಯಾಕಿಲ್ಲ, ತಂಗಿಗೆ ಯಾಕೆ ಎಂದು ಆ ಮನೆಯಲ್ಲಿ ಕೇಳಬೇಕಾಗಿರಲಿಲ್ಲ. ಕಳೆದ ಸಲ ಅಣ್ಣ ಊರಿಗೆ ಬಂದಿದ್ದಾಗ, ಅತ್ತಿಗೆ ಕೆಲಸಕ್ಕೆ ಅರ್ಜಿ ಹಾಕುವ ವಿಷಯ ಫೋನಿನಲ್ಲಿ ಗೆಳತಿಯ ಹತ್ತಿರ ಮಾತಾಡುತ್ತಿದ್ದದ್ದು ಅವನ ಕಿವಿಗೆ ಬಿತ್ತು. ಅವನು ಗಟ್ಟಿಯಾಗಿ ಒಂದು ಮಾತೂ ಆಡಲಿಲ್ಲ. ಅವಳ ಕೈಯಿಂದ ಫೋನು ತೆಗೆದುಕೊಂಡು ಹಿತ್ತಿಲಿಗೆ ನಡೆದ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಇಟ್ಟು, ತೆಂಗಿನಕಾಯಿ ಒಡೆಯುವಷ್ಟೇ ನಿಧಾನವಾಗಿ, ಇನ್ನೊಂದು ಕಲ್ಲಿನಿಂದ ಒಡೆದ. ಬಂದು ಕೈ ತೊಳೆದು ಊಟಕ್ಕೆ ಕುಳಿತ. "ಕೆಲಸಕ್ಕೆ ಹೋಗುವುದಾದರೆ ಹೋಗು. ಹೋದವಳು ಸೀದಾ ಬಾಯಾರಿಗೇ ಹೋಗು, ಇಲ್ಲಿಗೆ ಬರ್ಲಿಕ್ಕೆ ಇಲ್ಲ," ಎಂದ. ಬಾಯಾರಿನ ತವರಿನಲ್ಲಿ ಅತ್ತಿಗೆಗೆ ತಾಯಿ ಇಲ್ಲ. ಎರಡು ಕೋಣೆಯ ಮನೆಯಲ್ಲಿ ಅವಳ ತಮ್ಮನ ಸಂಸಾರವೇ ಐದು ಜನ. ಅಂದಿನಿಂದ ಅವಳ ಹತ್ತಿರ ಗುಂಡಿ ಒತ್ತುವ ಸಣ್ಣ ಫೋನು ಮಾತ್ರ.

ಕೊನೆಗೆ ಜಗಲಿಯಿಂದ ಅಮ್ಮನೇ ಹೇಳಿದಳು. "ಬಿಡಿಸಿ ನೋಡಿ ಮಾರಾಯ್ತಿಯರೇ. ಕಾದು ಕೂತರೆ ಅದೇನು ಮೊಟ್ಟೆ ಇಡ್ತದಾ?"

ಅತ್ತಿಗೆ ನಕ್ಕಳು. ಉಜ್ವಲಾಗೂ ನಗು ಬಂತು. ಕತ್ತರಿ ಕೆಳಗಿಟ್ಟು ಪೆಟ್ಟಿಗೆ ಬಿಡಿಸಿದಳು.

ಉಜ್ವಲಾಗೆ ಇಪ್ಪತ್ತೆರಡು. ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಅಪ್ಪ ತೀರಿಕೊಂಡದ್ದು, ಶಾಲೆ ಅಲ್ಲಿಗೇ ನಿಂತಿತು. ಹೊಸ ಮನುಷ್ಯರ ಎದುರು ಅವಳಿಗೆ ಬಾಯಿ ಬರುವುದಿಲ್ಲ. ನೋಡುವುದು ಮಾತ್ರ ಎಲ್ಲವನ್ನೂ. ಈ ಫೋನು ಅವಳಿಗಿಂತ ಹೆಚ್ಚು ನೋಡುವಂತೆ ಕಂಡಿತು. ಕೈಗೆತ್ತಿಕೊಂಡರೆ ಸಾಕು, ಯಾರೋ ಎಬ್ಬಿಸಿದ ಹಾಗೆ ಕಣ್ಣು ತೆರೆಯುತ್ತಿತ್ತು. ಬೆರಳಿಡು ಎಂದಿತು. ಇಟ್ಟಳು. ಗೊತ್ತಾಗಲಿಲ್ಲ, ಪುನಃ ಇಡು ಎಂದಿತು. ಹತ್ತು ಬೆರಳೂ ಇಟ್ಟು ನೋಡಿದ್ದಾಯಿತು. ಎಂಟು ವರ್ಷ ಎಲೆ ಸುತ್ತಿದ ಬೆರಳಿನ ತುದಿಯಲ್ಲಿ ಗೆರೆ ಎಲ್ಲಿಂದ ಉಳಿಯಬೇಕು? ರೇಷನ್ ಅಂಗಡಿಯ ಯಂತ್ರವೂ ಅವಳನ್ನು ಹೀಗೇ ಬೇಡವೆನ್ನುತ್ತಿತ್ತು.

ಆ ಸಂಜೆ ಏಳಕ್ಕೆ ಅಣ್ಣ ಕರೆದ. "ಬೆರಳು ಬೇಡ, ನಂಬರ್ ಹಾಕು. ನಾನು ಹುಟ್ಟಿದ ವರ್ಷ. ಎಲ್ಲ ನಾನೇ ಇಲ್ಲಿಂದ ಹಾಕಿ ಕೊಟ್ಟಿದ್ದೇನೆ. ನೀನು ಸುಮ್ಮನೆ ಇಟ್ಕೊಂಡರೆ ಸಾಕು. ಎಂತದೂ ಒತ್ಲಿಕ್ಕೆ ಹೋಗ್ಬೇಡ, ಆಯ್ತಾ?"

"ಆಯ್ತು ಅಣ್ಣ."

ಒತ್ತಿದರೆ ಏನಾಗುತ್ತದೋ ಎಂಬ ಹೆದರಿಕೆಯಲ್ಲಿ ಒಂದು ವಾರ ಅವಳು ಫೋಟೋ ತೆಗೆಯುವುದೊಂದನ್ನೇ ಮಾಡಿದಳು. ಬಾವಿಕಟ್ಟೆಯ ಹತ್ತಿರದ ಬಾಳೆ ಗೊನೆ ಹಾಕಿದ್ದು. ಕೆಳಗಿನ ಮನೆಯ ಮಿಸ್ರಿಯಾಳ ಬೆಕ್ಕು ಹಳೇ ಸೂಟ್‌ಕೇಸಿನೊಳಗೆ ಮರಿ ಹಾಕಿದ್ದು. ಹೊಸ ಹೆದ್ದಾರಿಯ ಎತ್ತರದ ಗೋಡೆ, ಅದರಾಚೆ ತುಂಡಾದ ಸಮುದ್ರ. ಯಾರಿಗೂ ಕಳಿಸಲಿಲ್ಲ, ಕಳಿಸುವುದು ಅವಳಿಗೆ ಗೊತ್ತೂ ಇರಲಿಲ್ಲ. ತೆಗೆದದ್ದನ್ನು ತಾನೇ ನೋಡಿ ಖುಷಿಪಡುತ್ತಿದ್ದಳು, ಅಷ್ಟೆ.

ಎಂಟನೇ ದಿನ ಅತ್ತಿಗೆ ಒಂದು ದಪ್ಪ ಪುಸ್ತಕವನ್ನು ಸೆರಗಿನೊಳಗೆ ತಂದಳು.

"ಉಜ್ಜು, ಇದರ ಪುಟ ಫೋಟೋ ತೆಗೀಲಿಕ್ಕೆ ಆಗ್ತದಾ? ಗೆಳತಿಯದ್ದು, ಆದಿತ್ಯವಾರ ವಾಪಸ್ ಕೊಡ್ಬೇಕು."

"ಎಂತ ಅದು ಅತ್ತಿಗೆ?"

ಅತ್ತಿಗೆ ಜಗಲಿಯ ಕಡೆ ನೋಡಿ ದನಿ ತಗ್ಗಿಸಿದಳು. ಕೇರಳ ಸರಕಾರದ ಪಿ.ಎಸ್.ಸಿ. ಪರೀಕ್ಷೆಯ ಪ್ರಶ್ನೆಗಳ ಪುಸ್ತಕ. ಕನ್ನಡ ಬಲ್ಲವರಿಗೇ ಮೀಸಲಾದ ಗುಮಾಸ್ತೆ ಕೆಲಸ. ಕಾಸರಗೋಡಿನಲ್ಲಿ ಅದಕ್ಕೆ ಕರೆಯುವುದು ಯಾವಾಗಲೋ ಒಮ್ಮೆ. ಒಡೆದ ಫೋನಿನಲ್ಲಿ ಅವಳು ಮಾತಾಡುತ್ತಿದ್ದದ್ದು ಇದೇ ಅರ್ಜಿಯ ವಿಷಯ. ಅಣ್ಣ ವಿಮಾನ ಹತ್ತಿದ ವಾರವೇ ಗೆಳತಿಯ ಮೂಲಕ ಅರ್ಜಿ ಹಾಕಿಯಾಗಿತ್ತು. ಇನ್ನು ಮೂರು ವಾರಕ್ಕೆ ಪರೀಕ್ಷೆ.

"ಅಣ್ಣನಿಗೆ ಗೊತ್ತಾದರೆ?"

"ಸಿಕ್ಕಿದ ಮೇಲೆ ಗೊತ್ತಾಗಲಿ. ಅಷ್ಟರವರೆಗೆ ನಿನಗೂ ನನಗೂ ಮಾತ್ರ."

ಎಂಬತ್ತನಾಲ್ಕು ಪುಟ. ಕಿಟಕಿಯ ಬೆಳಕಿಗೆ ಹಿಡಿದು ಎರಡು ಮಧ್ಯಾಹ್ನದಲ್ಲಿ ಉಜ್ವಲಾ ಎಲ್ಲವನ್ನೂ ತೆಗೆದಳು. ಆಮೇಲೆ ಶುರುವಾದದ್ದು ಅವಳ ಬದುಕಿನ ಅತಿ ಚೆಂದದ ದಿನಗಳು. ಅಪ್ಪ ಇದ್ದ ಕಾಲದಲ್ಲಿ, ಬೀಡಿ ಕಟ್ಟುವವರು ಒಟ್ಟಿಗೆ ಕೂರುವ ಚಾವಡಿಯಲ್ಲಿ ಒಬ್ಬ ಗಟ್ಟಿಯಾಗಿ ಪೇಪರ್ ಓದುತ್ತಿದ್ದನಂತೆ. ಉಳಿದವರು ಕೇಳುತ್ತ ಕಟ್ಟುವುದು. ಓದಿದವನ ಪಾಲಿನ ಬೀಡಿಯನ್ನು ಎಲ್ಲರೂ ಹಂಚಿಕೊಂಡು ಕಟ್ಟಿಕೊಡುವುದು. ಈಗ ಉಜ್ವಲಾ ಫೋನನ್ನು ಹೊಗೆಸೊಪ್ಪಿನ ಡಬ್ಬಿಗೆ ಒರಗಿಸಿ ಪ್ರಶ್ನೆ ಓದುವಳು. ಅತ್ತಿಗೆ ಎಲೆ ಸುತ್ತುತ್ತಲೇ ಉತ್ತರ ಹೇಳುವಳು, ಉಜ್ವಲಾಳ ಪಾಲಿನದನ್ನೂ ಸೇರಿಸಿ ಸುತ್ತುವಳು.

"ಕೇರಳದಲ್ಲಿ ಒಟ್ಟು ಎಷ್ಟು ಹೊಳೆ?"

"ನಲವತ್ತನಾಲ್ಕು."

"ಅದರಲ್ಲಿ ಮೂಡು ದಿಕ್ಕಿಗೆ ಹರಿಯುವುದು?"

"ಮೂರು."

"ಕಾಸರಗೋಡು ಜಿಲ್ಲೆಯ ಅತಿ ಉದ್ದದ ಹೊಳೆ?"

ಅತ್ತಿಗೆ ಬಾಯಲ್ಲಿ ನೂಲು ಕಚ್ಚಿಕೊಂಡಿದ್ದಳು. ಉತ್ತರ ಜಗಲಿಯಿಂದ ಬಂತು.

"ಚಂದ್ರಗಿರಿ."

ಇಬ್ಬರ ಕೈಗಳೂ ನಿಂತವು. ಅಮ್ಮನಿಗೆ ಕಿವಿ ಸ್ವಲ್ಪ ಮಂದ ಎಂದು ಮನೆಯಲ್ಲಿ ಎಲ್ಲರೂ ನಂಬಿದ್ದರು. ಉಜ್ವಲಾ ಮೆಲ್ಲ ಎದ್ದು ಇಣುಕಿದಳು. ಅಮ್ಮ ನೂಲು ಕಟ್ಟುತ್ತಿದ್ದಳು, ಮುಖದಲ್ಲಿ ಏನೂ ಇರಲಿಲ್ಲ. ಆ ದಿನವೂ ಮರುದಿನವೂ ಅಮ್ಮ ಅದರ ಮಾತೆತ್ತಲಿಲ್ಲ. ಮಗನ ಹತ್ತಿರ ಪ್ರತಿ ಸಂಜೆ ಮಾತಾಡುವವಳು ಅವಳು. ಅಣ್ಣನೆಂದರೆ ಅವಳಿಗೆ ಜೀವ. ಹೇಳಿಯಾಳೇ? ಎರಡು ದಿನ ಇಬ್ಬರೂ ಸರಿಯಾಗಿ ಉಣ್ಣಲಿಲ್ಲ. ಮೂರನೇ ದಿನ ಪುನಃ ಓದು ಶುರುಮಾಡಿದರು, ಈ ಸಲ ಪಿಸುಮಾತಿನಲ್ಲಿ.

ಪರೀಕ್ಷೆಗೆ ಒಂದು ವಾರವಿದ್ದಾಗ ಅತ್ತಿಗೆ ಪೇಟೆಯಲ್ಲಿ ಹಾಲ್ ಟಿಕೆಟ್ ಪ್ರಿಂಟ್ ಮಾಡಿಸಿ ತಂದಳು. ಅದರಲ್ಲಿ ಅವಳ ಫೋಟೋ, ಹೆಸರು, ವಿದ್ಯಾನಗರದ ಒಂದು ಶಾಲೆಯ ವಿಳಾಸ, ಶನಿವಾರ, ಮಧ್ಯಾಹ್ನ ಒಂದೂವರೆ.

"ಇದನ್ನೂ ಒಂದು ತೆಗೆದಿಡು ಉಜ್ಜು. ಎಲ್ಲಿಯಾದ್ರೂ ಕಳೆದುಹೋದರೆ?"

ಉಜ್ವಲಾ ಅದನ್ನು ನೆಲದ ಮೇಲೆ ಚೆನ್ನಾಗಿ ಹರಡಿ, ನಾಲ್ಕು ಮೂಲೆಗೆ ನಾಲ್ಕು ಬೀಡಿ ಕಟ್ಟು ಇಟ್ಟು, ಅಕ್ಷರ ಒಂದೂ ಮಸುಕಾಗದ ಹಾಗೆ ಫೋಟೋ ತೆಗೆದಳು.

ಅಣ್ಣನ ಮಾತಿನಲ್ಲಿ ಏನೋ ಸರಿಯಿಲ್ಲ ಎಂದು ಅವಳಿಗೆ ಮೊದಲು ತೋರಿದ್ದು ಅದರ ಮರುದಿನ.

"ಬಾಳೆಗೊನೆ ಕಡಿದ್ರಾ? ಇಷ್ಟು ಹೊತ್ತಿಗೆ ಬೆಳೆದಿರಬೇಕಲ್ಲ," ಎಂದು ಅವನು ಕೇಳಿದ. ಅಮ್ಮ ಹೇಳಿರಬೇಕು ಎಂದುಕೊಂಡಳು. ಮಂಗಳವಾರ ಅವನು ಕೇಳಿದ: "ಮಿಸ್ರಿಯಾನ ಬೆಕ್ಕಿನದ್ದು ಮರಿ ಎಷ್ಟು, ನಾಲ್ಕಾ? ಒಂದು ಕಪ್ಪು ಉಂಟಲ್ಲ, ಚೆಂದ ಉಂಟು."

ಬೆಕ್ಕಿನ ವಿಷಯ ಅಮ್ಮನಿಗೆ ಗೊತ್ತಿರಲಿಲ್ಲ. ಬೆಕ್ಕೆಂದರೆ ಅಮ್ಮನಿಗೆ ಆಗುವುದಿಲ್ಲವೆಂದು ಅವಳು ಹೇಳಿಯೇ ಇರಲಿಲ್ಲ. ಎರಡೂವರೆ ಸಾವಿರ ಕಿಲೋಮೀಟರ್ ಆಚೆ ಕುಳಿತವನಿಗೆ ಸೂಟ್‌ಕೇಸಿನೊಳಗಿನ ಕಪ್ಪು ಮರಿ ಕಂಡದ್ದು ಹೇಗೆ?

ಮಾತು ಮುಗಿದ ಮೇಲೆ ಅವಳು ಫೋನನ್ನು ಮೇಜಿನ ಮೇಲೆ ಮಗುಚಿ ಇಟ್ಟಳು. ಮಗುಚಿದರೆ ಬೆನ್ನಿನ ಮೂರು ಕಣ್ಣು ಮೇಲೆ ನೋಡುತ್ತಿದ್ದವು. ತಿರುಗಿಸಿದರೆ ಮುಂದಿನ ಒಂದು ಕಣ್ಣು. ಕೊನೆಗೆ ಬೀಡಿಯ ಮೊರವನ್ನು ಅದರ ಮೇಲೆ ಕವುಚಿ ಹಾಕಿ ಮಲಗಿದಳು.

ಬುಧವಾರ ಬೆಳಿಗ್ಗೆ ಮಿಸ್ರಿಯಾಳ ಮನೆಗೆ ಹೋದಳು. ಮಿಸ್ರಿಯಾ ಅವಳ ಜೊತೆ ಒಂಬತ್ತರವರೆಗೆ ಒಂದೇ ಬೆಂಚಿನಲ್ಲಿ ಕುಳಿತವಳು. ಈಗ ಕಾಲೇಜು ಮುಗಿಸಿ ಮನೆಯಲ್ಲಿದ್ದಾಳೆ. ಫೋನಿನಲ್ಲಿ ಅವಳಿಗೆ ಗೊತ್ತಿಲ್ಲದ್ದಿಲ್ಲ. ಅವಳು ದೋಸೆ ತಿನ್ನುತ್ತಲೇ ಎಡಗೈಯಲ್ಲಿ ಫೋನು ತೆಗೆದುಕೊಂಡು ಅಲ್ಲಿ ಇಲ್ಲಿ ಒತ್ತಿದಳು. ಆಮೇಲೆ ದೋಸೆ ತಟ್ಟೆಗೆ ಹಾಕಿದಳು.

"ಇಲ್ಲಿ ಮೂಲೆಯಲ್ಲಿ ನೋಡು. ಈ ಸಣ್ಣ ಉರುಟಿನಲ್ಲಿ ಯಾರ ಮುಖ ಉಂಟು?"

ಕಾಳಿನಷ್ಟು ದೊಡ್ಡ ಚಿತ್ರ. ಕೂಲಿಂಗ್ ಗ್ಲಾಸ್ ಹಾಕಿದ ಅಣ್ಣ. ದಿನವೂ ಕಣ್ಣಿಗೆ ಬೀಳುತ್ತಿದ್ದರೂ ಅವಳು ಅದನ್ನು ಅಲಂಕಾರವೆಂದೇ ತಿಳಿದಿದ್ದಳು.

"ಇದು ನಿನ್ನ ಅಣ್ಣನ ಅಕೌಂಟ್ ಮಾರಾಯ್ತಿ. ಫೋನು ಮಾತ್ರ ನಿನ್ನದು. ನೀನು ಇಲ್ಲಿ ಟಕ್ ಅಂತ ಒಂದು ಫೋಟೋ ತೆಗೆದರೆ ಅವನಿಗೆ ಅಲ್ಲಿ ಟಕ್ ಅಂತ ಕಾಣ್ತದೆ."

"ಎಲ್ಲವೂ?"

"ಎಲ್ಲವೂ. ಯಾಕೆ, ಎಂತದಾದ್ರೂ ತೆಗೆದಿದ್ದೀಯಾ? ಮುಖ ಯಾಕೆ ಹೀಗಾಯ್ತು? ಹುಡುಗನಾ?" ಮಿಸ್ರಿಯಾ ಮೊಣಕೈಯಿಂದ ತಿವಿದಳು.

ಉಜ್ವಲಾ ಅಲ್ಲೇ ನೆಲದ ಮೇಲೆ ಕುಳಿತು, ಮೊದಲ ಸಲ ಹೊರಗಿನವರ ಹತ್ತಿರ ಮನೆಯ ಗುಟ್ಟು ಹೇಳಿದಳು. ಮಿಸ್ರಿಯಾಳ ತಮಾಷೆ ನಿಂತಿತು.

"ಅಳಿಸಿದರೆ?" ಎಂದು ಉಜ್ವಲಾ ಕೇಳಿದಳು.

"ಇಲ್ಲಿ ಅಳಿಸಿದರೆ ಅಲ್ಲಿಯೂ ಹೋಗ್ತದೆ. ಆದರೆ ಅವನು ನೋಡಿ ಆಗಿದ್ದರೆ? ಅವನ ತಲೆಯಿಂದ ಅಳಿಸ್ಲಿಕ್ಕೆ ಬಟನ್ ಇಲ್ಲ. ಇಷ್ಟು ಪುಟ ಒಟ್ಟಿಗೆ ಹೋಯ್ತು ಅಂದ್ರೆ ನಿನಗೆ ಗೊತ್ತಾಗಿದೆ ಅಂತ ಅವನಿಗೆ ಗೊತ್ತಾಗ್ತದೆ."

"ಅವನು ನೋಡಿದ್ದಾನಾ ಇಲ್ವಾ ಅಂತ ತಿಳಿಯುವ ದಾರಿ ಉಂಟಾ?"

"ಇಲ್ಲ. ಅದಕ್ಕೆ ಅವನೇ ಬಾಯಿ ಬಿಡ್ಬೇಕು."

ಉಜ್ವಲಾ ಮನೆಯ ಮೆಟ್ಟಿಲು ಹತ್ತುವಾಗ ಅದನ್ನೇ ಯೋಚಿಸಿದಳು. ಬೆಕ್ಕು ಬಾಳೆಗೊನೆಗಳು ಹಳೆಯ ಫೋಟೋಗಳು. ಎಂದೋ ಒಮ್ಮೆ ನೋಡಿ ಬಿಟ್ಟಿರಬಹುದು. ಗಲ್ಫಿನಲ್ಲಿ ದುಡಿಯುವವನಿಗೆ ದಿನಾ ಕುಳಿತು ತಂಗಿಯ ಫೋಟೋ ನೋಡಲು ಪುರುಸೊತ್ತೆಲ್ಲಿ? ಹಾಗಾದರೆ ಹಾಲ್ ಟಿಕೆಟ್ ಅವನ ಕಣ್ಣು ತಪ್ಪಿರಬಹುದು. ತಿಳಿಯಲೇಬೇಕಿತ್ತು. ಗುರುವಾರ ಮಧ್ಯಾಹ್ನ ಅವಳು ಏನೂ ಆಗದ ಎಡಗೈಯ ಹೆಬ್ಬೆರಳಿಗೆ ಹಳೇ ಪಂಚೆಯ ತುಂಡು ಸುತ್ತಿದಳು. ಅದಕ್ಕೆ ಸ್ವಲ್ಪ ಕುಂಕುಮದ ನೀರು ತಾಗಿಸಿದಳು. ಬಾವಿಯ ಹಿಂದೆ ನಿಂತು ಒಂದು ಫೋಟೋ ತೆಗೆದಳು. ಬೆರಳಿನ ಪಂಚೆ ತುಂಡನ್ನು ಬಿಚ್ಚಿ ಒಲೆಗೆ ಹಾಕಿದಳು. ಯಾರೂ ನೋಡಲಿಲ್ಲ.

ಸಂಜೆ ಏಳಕ್ಕೆ ಫೋನು ಬಡಿದುಕೊಂಡಿತು. ವಿಡಿಯೋ ಅಲ್ಲ, ಬರೀ ದನಿ. ಅಣ್ಣ ಮೊದಲು ಅಮ್ಮನ ಮಂಡಿನೋವು ವಿಚಾರಿಸಿದ. ಆಮೇಲೆ ಉಜ್ವಲಾಳನ್ನು ಕೇಳಿದ. ಅವಳು ಫೋನನ್ನು ಕಿವಿಗೆ ಒತ್ತಿಕೊಂಡಳು.

"ಉಂಡ್ಯಾ?"

"ಇಲ್ಲ, ಇನ್ನು."

"ಬೆರಳಿಗೆ ಎಂತಾಯ್ತು?"

ಉಜ್ವಲಾ ಗೋಡೆಗೆ ಬೆನ್ನು ಕೊಟ್ಟಳು.

"ಉಜ್ಜು? ತುಂಬಾ ಗಾಯವಾ?"

"ಇಲ್ಲ ಅಣ್ಣ. ಕತ್ತರಿ ತಾಗಿದ್ದು."

"ನೋಡಿ ಕೆಲಸ ಮಾಡ್ಬಾರ್ದಾ ಮಗಾ? ಪುರಂದರನ ಹತ್ತಿರ ಕಳಿಸಿದ ಮುಲಾಮು ಉಂಟಲ್ಲ, ಹಚ್ಚು. ನೀರು ತಾಗಿಸ್ಬೇಡ."

ಎಷ್ಟು ಪ್ರೀತಿಯ ದನಿ! ಸಣ್ಣವಳಿದ್ದಾಗ ಅವಳನ್ನು ಹೆಗಲ ಮೇಲೆ ಕೂರಿಸಿ ಶಾಲೆಗೆ ಬಿಟ್ಟು ಬರುತ್ತಿದ್ದ ಅಣ್ಣನದೇ ದನಿ. ಎಲ್ಲ ನೋಡುತ್ತಾನೆ. ದಿನಾ ನೋಡುತ್ತಾನೆ. ಎಂಬತ್ತನಾಲ್ಕು ಪುಟ, ಹಾಲ್ ಟಿಕೆಟ್, ಎಲ್ಲವನ್ನೂ ನೋಡಿದ್ದಾನೆ, ನೋಡಿಯೂ ಇಷ್ಟು ದಿನ ಬಾಯಿ ಬಿಟ್ಟಿಲ್ಲ. ಒಗೆಯುವ ಕಲ್ಲಿಗೆ ಫೋನು ತೆಗೆದುಕೊಂಡು ಹೋಗುವಾಗಲೂ ಅವನು ಮಾತಾಡಿರಲಿಲ್ಲ.

"ಮತ್ತೆ ಉಜ್ಜು," ಎಂದ ಅಣ್ಣ, "ಶನಿವಾರ ನಾನು ಸಂಜೆ ಕರೆಯುವುದಿಲ್ಲ. ಮಧ್ಯಾಹ್ನ ಒಂದೂವರೆಗೆ ವಿಡಿಯೋ ಮಾಡ್ತೇನೆ. ಮನೆಯಲ್ಲಿ ಎಲ್ಲರೂ ಇರಿ. ನಿನ್ನ ಅತ್ತಿಗೆಯೂ."

ಶುಕ್ರವಾರ ಹಿತ್ತಿಲಿನಲ್ಲಿ, ಅದೇ ಒಗೆಯುವ ಕಲ್ಲಿನ ಹತ್ತಿರ, ಅವಳು ಅತ್ತಿಗೆಗೆ ಹೇಳಿದಳು. ಅರ್ಧಕ್ಕೆ ಅಳು ಬಂತು. ಅಳುತ್ತಲೇ ಮುಗಿಸಿದಳು. ಅತ್ತಿಗೆ ಹಿಂಡುತ್ತಿದ್ದ ಬಟ್ಟೆಯನ್ನು ಹಿಂಡುತ್ತಲೇ ಇದ್ದಳು, ಅದರಲ್ಲಿ ನೀರು ಉಳಿದಿರಲಿಲ್ಲ.

"ಪುಟ ಎಲ್ಲ ನೋಡಿದ್ದಾರಾ? ಎಂಬತ್ತನಾಲ್ಕೂ?"

"ಹೂಂ."

"ಹಾಗಾದರೆ ನನಗಿಂತ ಮೊದಲು ಅವರೇ ಪಾಸಾಗ್ತಾರೆ ಬಿಡು."

ನಗಲು ನೋಡಿದಳು, ತುಟಿ ಸೊಟ್ಟಗಾಯಿತು. ಬಟ್ಟೆಯನ್ನು ತಂತಿಗೆ ಹಾಕಲು ಕೈ ಎತ್ತಿದಾಗ ಬಟ್ಟೆ ಜಾರಿ ಮಣ್ಣಿಗೆ ಬಿತ್ತು.

"ಹೋಗ್ಬೇಡ ಅತ್ತಿಗೆ," ಎಂದಳು ಉಜ್ವಲಾ. "ಅವನು ಕರೆದಾಗ ನೀನು ಇಲ್ಲಿಯೇ ಕೂತಿದ್ದರೆ ಮುಗೀತು. ಪುಸ್ತಕ ಸುಮ್ಮನೆ ಓದಿದ್ದು ಅಂತ ಹೇಳುವ."

"ಮತ್ತೆ? ಅವರು ಬರುವಾಗ ಬಾಗಿಲು ತೆರೀಲಿಕ್ಕೆ, ಹೋಗುವಾಗ ಮುಚ್ಲಿಕ್ಕೆ ಇಲ್ಲಿ ಕೂತಿರುವುದಾ?" ಅತ್ತಿಗೆ ಬಗ್ಗಿ ಬಟ್ಟೆ ಎತ್ತಿಕೊಂಡಳು. "ನಾಳೆ ಕಟ್ಟಿದ ಬೀಡಿ ಕಂಪೆನಿಯ ಬ್ರಾಂಚಿಗೆ ಕೊಂಡುಹೋಗುವುದು ನಾನು, ಎಲ್ಲಾ ಶನಿವಾರದ ಹಾಗೆ. ಬೀಡಿ ಕೊಟ್ಟು ಹಾಗೆಯೇ ಬಸ್ ಹತ್ತುತ್ತೇನೆ. ನಿನಗೆ ಗೊತ್ತಿರುವುದು ಬ್ರಾಂಚಿನವರೆಗೆ ಮಾತ್ರ." ಬಟ್ಟೆಯ ಮಣ್ಣು ಕೊಡವುತ್ತ ಹೇಳಿದಳು, "ನಾಲ್ಕು ಜೊತೆ ಬಟ್ಟೆ ಚೀಲಕ್ಕೆ ಹಾಕಿಟ್ಟಿದ್ದೇನೆ. ಕಪಾಟಿನ ಕೆಳಗೆ ಉಂಟು. ನನಗೆ ಇಲ್ಲಿಗೆ ಬರ್ಲಿಕ್ಕೆ ಆಗದಿದ್ದರೆ ಬಾಯಾರಿಗೆ ತಂದುಕೊಡು."

ಆ ದಿನ ಉಜ್ವಲಾ ಫೋನನ್ನು ಚಾರ್ಜಿಗೆ ಹಾಕಲಿಲ್ಲ. ಅದು ತಾನಾಗಿ ಸಾಯಲಿ ಎಂದು ಬಿಟ್ಟಳು. ಬಂದ್ ಮಾಡಿದರೆ ತಪ್ಪು ಒಪ್ಪಿಕೊಂಡ ಹಾಗಾಗುತ್ತದೆ. ಚಾರ್ಜ್ ಮುಗಿಯಿತೆಂದರೆ ಯಾರ ತಪ್ಪೂ ಅಲ್ಲ. ರಾತ್ರಿ ಊಟದ ಹೊತ್ತಿಗೆ ಚಾರ್ಜ್ ನೂರರಲ್ಲಿ ಹನ್ನೊಂದು ತೋರಿಸುತ್ತಿತ್ತು.

ಬೆಳಿಗ್ಗೆ ಎದ್ದು ನೋಡಿದರೆ ನೂರು. ಫೋನು ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿಕೊಂಡು ಹಸಿರು ಮಿನುಗುತ್ತಿತ್ತು.

"ನಾನೇ ಹಾಕಿದ್ದು," ಎಂದಳು ಅಮ್ಮ ಚಹಾ ಸೋಸುತ್ತ. "ಮಗ ಕರೆಯುವ ದಿನ ಚಾರ್ಜ್ ಇಲ್ಲದೆ ಆಗ್ತದಾ?"

ಉಜ್ವಲಾ ಚಹಾದ ಲೋಟ ಕೆಳಗಿಟ್ಟಳು. ಅಮ್ಮನಿಗೆ ಎಷ್ಟು ಗೊತ್ತು? ಎಂದಿನಿಂದ? ಒಂದೂವರೆಯ ಕರೆಯನ್ನು ತಾಯಿ ಮಗ ಕೂಡಿಯೇ ಮಾತಾಡಿಕೊಂಡದ್ದೋ ಏನೋ.

ಅತ್ತಿಗೆ ಎಂಟು ಗಂಟೆಗೆ ಹೊರಟಳು. ಎಂದಿನ ಬೀಡಿ ಚೀಲ, ಎಂದಿನ ಕೊಡೆ. ತಿನ್ನಲು ಏನೂ ಕಟ್ಟಿಕೊಳ್ಳಲಿಲ್ಲ. ಬ್ರಾಂಚಿಗೆ ಹೋಗುವವಳು ಬುತ್ತಿ ಕಟ್ಟುತ್ತಾಳೆಯೇ? ಸಣ್ಣ ಫೋನನ್ನು ದಿಂಬಿನ ಕೆಳಗೆ ಬಿಟ್ಟಳು. ಅಡಿಗೆಮನೆಯಲ್ಲಿ ಅಮ್ಮ ಬೀಡಿ ಚೀಲವನ್ನು ತೂಗಿ ನೋಡಿ, ಒಳಗೆ ಕೈ ಹಾಕಿ ಕಟ್ಟುಗಳನ್ನು ಸರಿಮಾಡಿ ಕೊಟ್ಟಳು. ಪ್ರತಿ ಶನಿವಾರವೂ ಅವಳು ಹಾಗೆ ಮಾಡುವವಳೇ. ಆದರೂ ಆ ಅರ್ಧ ನಿಮಿಷ, ಚೀಲದ ತಳದಲ್ಲಿ ಮಡಿಸಿಟ್ಟ ಹಾಲ್ ಟಿಕೆಟನ್ನು ನೆನೆದು ಅತ್ತಿಗೆ ಬಾಗಿಲ ದಾರಂದ ಹಿಡಿದು ನಿಂತದ್ದನ್ನು ಉಜ್ವಲಾ ನೋಡಿದಳು.

"ಬರ್ತೇನೆ ಅತ್ತೆ."

"ಹೂಂ. ಹೆದ್ದಾರಿ ನೋಡಿ ದಾಟು."

ಅಲ್ಲಿಂದ ಹೊತ್ತು ಸರಿಯಲೇ ಇಲ್ಲ. ಹತ್ತು ಗಂಟೆಗೆ ಪುರಂದರನ ಬೈಕು ಕೆಳಗಿನ ರಸ್ತೆಯಲ್ಲಿ ಹೋದ ಶಬ್ದ ಕೇಳಿತು. ಅಣ್ಣ ಅವನನ್ನು ಕಳಿಸಿದ್ದಾನೋ, ಬಸ್ ಸ್ಟ್ಯಾಂಡಿನಲ್ಲಿ ಅತ್ತಿಗೆಯನ್ನು ತಡೆಯುತ್ತಾನೋ ಎಂದು ಉಜ್ವಲಾ ಅಂಗಳದ ತುದಿಗೆ ಓಡಿದಳು. ಬೈಕಿನ ಹಿಂದೆ ಮೀನಿನ ಚೀಲ ತೂಗುತ್ತಿತ್ತು. ಹನ್ನೆರಡಕ್ಕೆ ಅನ್ನ ಬಸಿದಳು. ಅಮ್ಮ ಎರಡೇ ತಟ್ಟೆ ಹಾಕಿದಳು. ಬ್ರಾಂಚಿಗೆ ಹೋದವಳು ಊಟಕ್ಕೆ ಯಾಕೆ ಬರಲಿಲ್ಲ ಎಂದು ಕೇಳಲೂ ಇಲ್ಲ.

ಒಂದು ಇಪ್ಪತ್ತಕ್ಕೆ ಅಮ್ಮ ಜಗಲಿಯಿಂದ ತನ್ನ ಮೊರವನ್ನು ಒಳಗೆ ತಂದು, ಅತ್ತಿಗೆ ಕೂರುವ ಜಾಗದಲ್ಲಿ ಕುಳಿತಳು. ಹೊಗೆಸೊಪ್ಪಿನ ಡಬ್ಬಿಗೆ ತಾನೇ ಫೋನು ಒರಗಿಸಿಟ್ಟಳು. ಉಜ್ವಲಾ ಎಲೆ, ತಗಡು, ಕತ್ತರಿ ಹಿಡಿದು ಎದುರಿಗೆ ಕುಳಿತಳು. ಕೈಗೆ ಏನಾದರೂ ಕೆಲಸ ಬೇಕಿತ್ತು.

ಸರಿಯಾಗಿ ಒಂದೂವರೆಗೆ ಅದು ಬಡಿದುಕೊಂಡಿತು. ಅಮ್ಮ ಒತ್ತಿದಳು. ಅಣ್ಣನ ಮುಖ ಪರದೆ ತುಂಬ ಬಂತು, ಹಿಂದೆ ಬಿಸಿಲಿಗೆ ಬೆಳ್ಳಗಾದ ಯಾವುದೋ ಗೋಡೆ.

"ಊಟ ಆಯ್ತಾ ಅಮ್ಮ?"

"ಆಯ್ತು. ನಿನ್ನದು?"

"ಇನ್ನು. ರಂಜಿನಿ ಎಲ್ಲಿ?"

"ಬೀಡಿ ಕೊಡ್ಲಿಕ್ಕೆ ಹೋಗಿದ್ದಾಳೆ."

"ಬ್ರಾಂಚು ಹನ್ನೆರಡಕ್ಕೆ ಮುಚ್ತದೆ ಅಮ್ಮ."

ಅಮ್ಮ ಒಂದು ಬೀಡಿಗೆ ನೂಲು ಸುತ್ತಿ, ಗಂಟು ಹಾಕಿ, ಹಲ್ಲಿನಿಂದ ಕಡಿದಳು.

"ನನಗೆ ಗೊತ್ತಿಲ್ಲ ಅಂತ ಮಾಡಿದ್ದೀರಾ? ನನಗೆ ಎಲ್ಲ ಗೊತ್ತುಂಟು," ಎಂದ ಅಣ್ಣ. ದನಿ ಏರಲಿಲ್ಲ.

"ಗೊತ್ತಿದ್ದರೆ ಕೇಳುವುದು ಎಂತಕ್ಕೆ?"

ಉಜ್ವಲಾಳ ಕತ್ತರಿ ಎಲೆಯ ನಡುವೆ ನಿಂತಿತು. ಅಮ್ಮ ಅಣ್ಣನಿಗೆ ಹೀಗೆ ಎದುರಾಡಿದ್ದನ್ನು ಅವಳು ಕೇಳಿದ್ದಿಲ್ಲ. ಅಮ್ಮನ ಮುಖ ನೋಡಲು ಹೆದರಿ ಅವಳು ಅಡಿಗೆಮನೆಯ ಕಡೆ ಕಣ್ಣು ತಿರುಗಿಸಿದಳು. ಅಲ್ಲಿ ಗೋಡೆಯ ಹಲಗೆಯ ಮೇಲೆ, ಅಪ್ಪ ಬೀಡಿ ಚಾವಡಿಗೆ ಒಯ್ಯುತ್ತಿದ್ದ ಸ್ಟೀಲಿನ ಬುತ್ತಿ ಡಬ್ಬಿ ಇರುವ ಜಾಗ. ಅಪ್ಪ ಹೋದ ಮೇಲೆ ಅದನ್ನು ಯಾರೂ ಮುಟ್ಟಿದ್ದಿಲ್ಲ. ಈಗ ಡಬ್ಬಿ ಅಲ್ಲಿರಲಿಲ್ಲ, ಧೂಳಿನ ನಡುವೆ ಒಂದು ಸ್ವಚ್ಛ ಉರುಟು ಮಾತ್ರ ಇತ್ತು.

ಬೆಳಿಗ್ಗೆ ಬೀಡಿ ಚೀಲದೊಳಗೆ ಹೋದ ಅಮ್ಮನ ಕೈ ಅವಳಿಗೆ ನೆನಪಾಯಿತು.

"ಉಜ್ಜು." ಅಣ್ಣನ ಕಣ್ಣು ಈಗ ಅವಳನ್ನು ಹುಡುಕುತ್ತಿತ್ತು. "ಬೆರಳು ತೋರಿಸು."

ಅವಳು ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಿಸಿಕೊಂಡಳು. ವಿದ್ಯಾನಗರದ ಆ ಶಾಲೆಯಲ್ಲಿ ಈಗ ಗಂಟೆ ಹೊಡೆದಿರಬೇಕು, ಪ್ರಶ್ನೆಪತ್ರಿಕೆ ಕೈಗೆ ಬಂದಿರಬೇಕು. ಇನ್ನು ಯಾರೂ ಅತ್ತಿಗೆಯನ್ನು ಎಬ್ಬಿಸುವ ಹಾಗಿಲ್ಲ. ಸಂಜೆ ಅವಳು ಹಿಂದೆ ಬರುವಾಗ ಈ ಬಾಗಿಲು ತೆರೆದಿರುತ್ತದೆಯೇ ಎಂದು ಗೊತ್ತಿರಲಿಲ್ಲ. ಅಣ್ಣ ಮುಂದಿನ ವಿಮಾನಕ್ಕೇ ಬರುತ್ತಾನೋ, ಬಂದರೆ ಯಾವ ಕಲ್ಲಿನ ಮೇಲೆ ಏನನ್ನು ಒಡೆಯುತ್ತಾನೋ, ಅದೂ ಗೊತ್ತಿರಲಿಲ್ಲ.

"ನಾನು ಇಲ್ಲಿ ಯಾರಿಗೋಸ್ಕರ ಸಾಯ್ತಿದ್ದೇನೆ?" ಎಂದ ಅಣ್ಣ. ಕೇಳಿದ್ದು ತಾಯಿಯನ್ನೋ ತಂಗಿಯನ್ನೋ ತಿಳಿಯಲಿಲ್ಲ.

ಅಮ್ಮ ಇನ್ನೊಂದು ಬೀಡಿ ಕೈಗೆತ್ತಿಕೊಂಡಳು. ಉಜ್ವಲಾ ತಗಡನ್ನು ಎಲೆಯ ಮೇಲೆ ಸರಿಯಾಗಿ ಇಟ್ಟು, ಅಂಚಿಗೆ ಕತ್ತರಿ ಹಚ್ಚಿದಳು. ಕತ್ತರಿ ಜಾರಿ ಎಲೆ ವಾರೆಯಾಯಿತು. ಅದನ್ನು ಬಿಸಾಡಿ ಬೇರೆ ಎಲೆ ತೆಗೆದುಕೊಂಡಳು.

ಪರದೆಯಲ್ಲಿ ಅಣ್ಣ ಸ್ವಲ್ಪ ಮುಂದೆ ಬಾಗಿದ. ಅವನಿಗೆ ಕಾಣುತ್ತಿದ್ದದ್ದು ಎರಡು ಮೊರ, ನಾಲ್ಕು ಕೈ, ಅಷ್ಟೆ.

"ಉಜ್ಜು, ಆ ಫೋನನ್ನು ಸ್ವಲ್ಪ ಆಚೆ ತಿರುಗಿಸು. ನನಗೆ ಮನೆ ಕಾಣಲಿ."